ಮಾಬೇಲಾಕ್ಕೆ ಹೋಗಿ ಮಾನ ಕಳೆದುಕೊಂಡು ಬಂದದ್ದು

ನಂಟರ ಮನೆಗೆ ಹೋದವರು ಹೊಟ್ಟೆ ತುಂಬಿಸಿಕೊಂಡು ಬರುತ್ತಾರೆ. ನಾನು ನಮ್ಮ ಅತ್ತಿಗೆಯ ಮನೆಗೆ ಹೋದಾಗಲೆಲ್ಲ ಮುಖ ಮುಚ್ಚಿಕೊಂಡು ಬರುತ್ತೇನೆ. ಒಂದು ಸಲ ಆಗಿದ್ದರೆ ಗ್ರಹಚಾರ ಎಂದು ಸುಮ್ಮನಿರಬಹುದಿತ್ತು. ಪ್ರತಿ ಸಲವೂ ಆದರೆ ದೋಷ ಗ್ರಹದ್ದಲ್ಲ, ನನ್ನದೇ ಎಂದು ಒಪ್ಪಿಕೊಳ್ಳಬೇಕಾಗುತ್ತದೆ.

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಮಸ್ಕತ್ತಿನ ಅಲ್ ಖುವೈರ್‌ನಲ್ಲಿ ನಾವು ಒಂದೇ ಕಟ್ಟಡದಲ್ಲಿದ್ದೆವು. ಅವರು ಮೇಲಿನ ಮಹಡಿ, ನಾವು ಕೆಳಗೆ. ತೆಂಗಿನಕಾಯಿ ಮುಗಿದರೆ ಮೆಟ್ಟಿಲು ಹತ್ತಿದರೆ ಸಾಕಿತ್ತು. ಹಾಗಿದ್ದವರು, ಮಗಳಿಗೆ ಓಡಾಡಲು ಅಂಗಳ ಬೇಕೆಂದು, ಊರಾಚೆಯ ಮಾಬೇಲಾಕ್ಕೆ ಮನೆ ಬದಲಾಯಿಸಿದರು. ವಿಮಾನ ನಿಲ್ದಾಣ ದಾಟಿ, ಅಲ್ ಖೌದ್ ದಾಟಿ, ದಾರಿ ತಪ್ಪಿತೇನೋ ಎಂದು ಸಂಶಯ ಬರುವ ಹೊತ್ತಿಗೆ ಸಿಗುವ ಊರು ಅದು. ಬೆಳಿಗ್ಗೆ ಅಲ್ಲಿಯವರೆಲ್ಲ ಮಸ್ಕತ್ತಿನ ಆಫೀಸುಗಳಿಗೆ ಹೊರಡುತ್ತಾರೆ, ಸಂಜೆ ಹೆದ್ದಾರಿಯಲ್ಲಿ ಒಬ್ಬರ ಹಿಂದೊಬ್ಬರು ತೆವಳಿಕೊಂಡು ವಾಪಸಾಗುತ್ತಾರೆ. ಅತ್ತಿಗೆ ಸಾಮಾನು ಕಟ್ಟುವಾಗ ನಾನು, ಅಷ್ಟು ದೂರ ಹೋಗಿ ಮನುಷ್ಯರು ಇರುತ್ತಾರಾ ಎಂದು ಕೇಳಿಬಿಟ್ಟೆ. ಅವರು ಪಾತ್ರೆಗೆ ಪೇಪರ್ ಸುತ್ತುತ್ತಾ ಹೋದರು. ಅದಾದ ಮೇಲೆ ಫೋನಿನಲ್ಲಿ ಮಾತು ಕಡಿಮೆಯಾಯಿತು. ಸಂಬಂಧ ಕೆಡಬಾರದು, ಆಗಾಗ ಹೋಗಿ ಬರೋಣ ಎಂದು ನಾನೇ ಹೊರಟೆ.

ಮಸೀದಿಯ ಹತ್ತಿರ

ಮೊದಲನೆಯ ಸಲ ಹೋದದ್ದು ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ, ಇಗರ್ಜಿಯಲ್ಲಿ ಪೂಜೆ ಮುಗಿಸಿಕೊಂಡು. ಲೊಕೇಶನ್ ಕಳುಹಿಸಲಾ ಎಂದು ಅತ್ತಿಗೆ ಕೇಳಿದ್ದರು. ಇಷ್ಟು ವರ್ಷ ಒಮಾನಿನಲ್ಲಿ ಕಾರು ಓಡಿಸಿದವನಿಗೆ ಲೊಕೇಶನ್ ಯಾಕೆ ಎಂದು ನಮ್ಮವರು ಬೇಡ ಅಂದರು. ಹಾಗಾದರೆ ಮಸೀದಿಯ ಹತ್ತಿರ ನಿಂತು ಫೋನ್ ಮಾಡಿ, ನಾನು ಬರ್ತೇನೆ ಎಂದು ಅತ್ತಿಗೆ ಹೇಳಿದರು.

ನಾವು ಮಸೀದಿಯ ಹತ್ತಿರ ನಿಂತು ಫೋನ್ ಮಾಡಿದೆವು. ಅತ್ತಿಗೆಯೂ ಮಸೀದಿಯ ಹತ್ತಿರವೇ ನಿಂತಿದ್ದರು. ಬಿಳಿ ಗುಮ್ಮಟ ಕಾಣ್ತದಾ ಎಂದು ಕೇಳಿದರು, ಕಾಣುತ್ತಿತ್ತು. ಎದುರಿಗೆ ಲಾಂಡ್ರಿ ಉಂಟಾ ಎಂದರು, ಇತ್ತು. ಲಾಂಡ್ರಿಯ ಪಕ್ಕ ಚಹಾದಂಗಡಿ? ಅದೂ ಇತ್ತು. ಅತ್ತಿಗೆ ಮಾತ್ರ ಇರಲಿಲ್ಲ. ಮಾಬೇಲಾದಲ್ಲಿ ತಿರುವಿಗೊಂದು ಮಸೀದಿ, ಎಲ್ಲಕ್ಕೂ ಬಿಳಿ ಗುಮ್ಮಟ ಎಂದು ಆಗ ನಮಗೆ ಗೊತ್ತಿರಲಿಲ್ಲ. ಅಕ್ಕ ತಮ್ಮ ಇಬ್ಬರೂ ಫೋನಿನಲ್ಲೇ ಜಗಳಕ್ಕೆ ನಿಂತರು. ನಿನಗೆ ಕಣ್ಣು ಕಾಣೂದಿಲ್ವಾ ಎಂದು ಅವರು, ನೀನು ಮನೆಯಿಂದ ಹೊರಟೇ ಇಲ್ಲ ಎಂದು ಇವರು.

ಅಷ್ಟರಲ್ಲಿ ಜುಮಾ ನಮಾಜ್ ಮುಗಿದು ಜನ ಹೊರಗೆ ಬಂದರು. ನಮ್ಮ ಕಾರು ಮಸೀದಿಯ ಪಾರ್ಕಿಂಗಿನ ಬಾಯಿಗೆ ಅಡ್ಡ ನಿಂತಿದೆ ಎಂದು ನಮಗೆ ಗೊತ್ತಾದದ್ದು ಆಗಲೇ. ಬಿಳಿ ದಿಶ್‌ದಾಶ ತೊಟ್ಟ ಗಂಡಸರು ತಮ್ಮ ತಮ್ಮ ಕಾರಿನಲ್ಲಿ ಕೂತು ಕಾಯುತ್ತಿದ್ದರು. ಒಬ್ಬರೂ ಹಾರ್ನ್ ಹೊಡೆಯಲಿಲ್ಲ. ಹೊಡೆದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ. ಕೊನೆಗೆ ಒಬ್ಬ ಹಿರಿಯರು ಇಳಿದು ಬಂದು, ಸಲಾಂ ಹೇಳಿ, ದಾರಿ ತಪ್ಪಿದಿರಾ, ಎಲ್ಲಿಗೆ ಹೋಗಬೇಕು, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಹಿಂದಿಯಲ್ಲಿ ವಿಚಾರಿಸಿದರು.

ನಮ್ಮವರು ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು: "ಮಸೀದಿಯ ಹತ್ತಿರ."

ಐಸ್ ಪೆಟ್ಟಿಗೆ

ಎರಡನೆಯ ಸಲ ಹೋಗುವಾಗ ನನಗೆ ಅತ್ತಿಗೆಯ ಮೇಲೆ ಕನಿಕರ ಹುಟ್ಟಿತ್ತು. ಪಾಪ, ಅಲ್ಲಿ ಏನು ಸಿಗುತ್ತದೋ ಏನೋ. ಒಂದು ಐಸ್ ಪೆಟ್ಟಿಗೆಯಲ್ಲಿ ಹಾಲು, ಮೊಸರು, ಬಂಗುಡೆ ತುಂಬಿದೆ. ಚೀಲದಲ್ಲಿ ಕೊತ್ತಂಬರಿ, ಬಸಳೆ, ಬ್ರೆಡ್ಡು, ಕುಡಿಯುವ ನೀರು. ಕೊನೆಗೆ ಒಂದು ಪ್ಯಾಕೆಟ್ ಮೇಣದಬತ್ತಿಯನ್ನೂ ಹಾಕಿದೆ.

ಅತ್ತಿಗೆಯ ಗಂಡ, ನಮ್ಮ ಭಾವನೇ ಬಾಗಿಲು ತೆರೆದರು. ಪೆಟ್ಟಿಗೆ ನೋಡಿ ಒಂದು ಕಡೆ ಹಿಡಿದು ಒಳಗೆ ತಂದರು. ಅತ್ತಿಗೆ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟರು. ಮೇಣದಬತ್ತಿ ಬಂದಾಗ ಅದನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡರು. ಆಮೇಲೆ, ಮೀನು ಹೇಗೂ ಬಂದಾಯಿತು, ಹುಳಿ ಒಂದು ಕಡಿಮೆ ಉಂಟು, ಬಾ ತರುವ ಎಂದು ನನ್ನನ್ನು ಹೊರಡಿಸಿದರು. ಬೀದಿಯ ತಿರುವು ದಾಟಿದರೆ ಒಂದು ಹೈಪರ್ ಮಾರ್ಕೆಟ್. ನಮ್ಮ ಅಲ್ ಖುವೈರ್‌ನ ಅಂಗಡಿಯನ್ನು ಅದರ ತರಕಾರಿ ವಿಭಾಗದೊಳಗೆ ಬಚ್ಚಿಡಬಹುದು. ಬಸಳೆಯನ್ನು ಸೂಡಿ ಸೂಡಿ ಕಟ್ಟಿ ಒಟ್ಟಿದ್ದರು. ಮೀನಿನ ಕಡೆ ಮಲ್ಪೆಯ ಬಂದರಿನಷ್ಟು ಗದ್ದಲ. ಅತ್ತಿಗೆ ನನ್ನನ್ನು ಎಲ್ಲಾ ಸಾಲುಗಳಲ್ಲೂ ನಿಧಾನವಾಗಿ ನಡೆಸಿ, ಬೇಕಾದ ಹುಳಿ ತೆಗೆದುಕೊಂಡು ವಾಪಸ್ ಕರೆತಂದರು.

ಮನೆಗೆ ಬಂದಾಗ ಅವರ ಮಗಳು ಐಸ್ ಪೆಟ್ಟಿಗೆಯ ಮೇಲೆ ಕೂತು ಕಾಲು ಆಡಿಸುತ್ತಿದ್ದಳು. ಇಂಡಿಯನ್ ಸ್ಕೂಲಿನ ಮಕ್ಕಳಿಗೆ ಕನಿಕರವೂ ಇಂಗ್ಲಿಷಿನಲ್ಲೇ ಬರುತ್ತದೆ.

"ಆಂಟಿ, ಆರ್ ಯೂ ಗೋಯಿಂಗ್ ಫಾರ್ ಕ್ಯಾಂಪಿಂಗ್?"

ನೆರಳು

ಇನ್ನೊಂದು ಸಲ ನಮ್ಮವರು ಹೊಸ ಕಾರು ತೆಗೆದುಕೊಂಡಿದ್ದರು. ಅದನ್ನು ಅಕ್ಕನಿಗೆ ತೋರಿಸಲು ಹೋದದ್ದು. ಸುಡು ಬಿಸಿಲು. ಬೀದಿಯ ಎಲ್ಲ ಕಾರುಗಳೂ ಬಿಸಿಲಲ್ಲೇ ನಿಂತಿದ್ದವು. ಖಾಲಿ ಸೈಟಿನಲ್ಲಿ ಒಂದು ದೊಡ್ಡ ಮರ, ಅದರ ಕೆಳಗೆ ತಂಪಾದ ನೆರಳು, ಒಂದೂ ಗಾಡಿ ಇಲ್ಲ. ಈ ಊರಿನವರಿಗೆ ಇಷ್ಟೂ ಬುದ್ಧಿ ಇಲ್ಲವಲ್ಲ ಎಂದುಕೊಂಡು ಇವರು ಕಾರನ್ನು ಅಲ್ಲಿಗೇ ಹೊಡೆದರು.

ಊಟ ಮುಗಿಸಿ, ಭಾವನನ್ನು ಕಾರು ನೋಡಲು ಕರೆದುಕೊಂಡು ಬಂದೆವು. ಕಾರಿನ ಮೇಲೆ ಮೂರು ಆಡುಗಳು. ಒಂದು ಬಾನೆಟ್ಟಿನ ಮೇಲೆ, ಎರಡು ಮೇಲ್ಛಾವಣಿಯ ಮೇಲೆ ಹಿಂಗಾಲಲ್ಲಿ ನಿಂತು ಎಲೆ ಮೇಯುತ್ತಿದ್ದವು. ಇವರು ಓಡಿಹೋಗಿ, ಊರಲ್ಲಿ ಹಿತ್ತಲಿಗೆ ನುಗ್ಗಿದ ದನ ಅಟ್ಟುವಂತೆ ಹೋಯ್ ಹೋಯ್ ಎಂದು ಕೈ ಬೀಸಿದರು. ಒಮಾನಿನ ಆಡುಗಳಿಗೆ ಅದು ಅರ್ಥವಾಗಲಿಲ್ಲ. ನಾನು ಖಲಾಸ್, ಯಲ್ಲಾ ಎಂದು, ಸಾಕು ಹೊರಡಿ ಎನ್ನಲು ನನಗೆ ಗೊತ್ತಿರುವಷ್ಟು ಅರಬ್ಬಿ ಹೇಳಿ ನೋಡಿದೆ. ಅವು ನಮ್ಮ ಮುಖ ನೋಡಿ ಮತ್ತೆ ಮೇಯತೊಡಗಿದವು.

ಸದ್ದು ಕೇಳಿ ಆಡಿನ ಯಜಮಾನಿ ಬಂದರು. ತುಂಬ ವಯಸ್ಸಾದ ಹೆಂಗಸು. ಇವರ ಎರಡೂ ಕೈ ಹಿಡಿದು, ಬಹಳ ಹೊತ್ತು ಅರಬ್ಬಿಯಲ್ಲಿ ಏನೋ ಹೇಳಿದರು. ಕ್ಷಮೆ ಕೇಳುತ್ತಿದ್ದಾರೆ ಎಂದು ತಿಳಿದು ನಮ್ಮವರು ದೊಡ್ಡ ಮನಸ್ಸು ಮಾಡಿ, ಪರವಾಗಿಲ್ಲ, ಪರವಾಗಿಲ್ಲ ಎಂದು ತಲೆ ಆಡಿಸಿದರು.

ಭಾವ ಮಾತ್ರ ಬೇರೆ ಕಡೆ ನೋಡುತ್ತಿದ್ದರು. "ಕ್ಷಮೆ ಅಲ್ಲ ಮಾರಾಯ," ಎಂದರು. "ಥ್ಯಾಂಕ್ಸ್ ಹೇಳ್ತಿದ್ದಾರೆ. ಇಷ್ಟು ದಿನ ಅವುಗಳಿಗೆ ಮೇಲಿನ ಕೊಂಬೆ ಎಟುಕುತ್ತಿರಲಿಲ್ಲವಂತೆ. ನಾಳೆಯೂ ಇಲ್ಲೇ ನಿಲ್ಲಿಸ್ತೀಯಾ ಅಂತ ಕೇಳ್ತಿದ್ದಾರೆ."

ಬೆಳಗಿನ ಸವಾರಿ

ಒಂದು ವಾರಾಂತ್ಯ ನಾನೊಬ್ಬಳೇ ಅತ್ತಿಗೆಯ ಮನೆಯಲ್ಲಿ ಉಳಿದುಕೊಂಡೆ. ಅಲ್ಲಿ ವಾರದ ಕೆಲಸ ಶುರುವಾಗುವುದು ಭಾನುವಾರ; ಆ ಬೆಳಿಗ್ಗೆ ಭಾವನ ಕಾರಿನಲ್ಲೇ ಕೆಲಸಕ್ಕೆ ಹೋಗುವುದೆಂದಾಯಿತು. ನಾನು ಅಲ್ ಖುವೈರ್‌ನ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಭಾವನ ಜೊತೆ ದಿನವೂ ಅಕ್ಕಪಕ್ಕದ ಇಬ್ಬರು ಹೋಗುತ್ತಿದ್ದರು. ಹಿಂದೆ ನನ್ನ ಪಕ್ಕದಲ್ಲಿ ಕೂತವರು ಕೇರಳದ ಒಬ್ಬ ಅಕೌಂಟೆಂಟ್. ಮುಂದಿನ ಸೀಟಿನಲ್ಲಿ ಒಬ್ಬರು ಬ್ಯಾರಿ ಸಾಹೇಬರು. ಉಳ್ಳಾಲದ ಕಡೆಯವರು, ಮಸ್ಕತ್ತಿನ ಹಳೇ ಪೇಟೆ ಮತ್ರಾದಲ್ಲಿ ಬಟ್ಟೆ ವ್ಯಾಪಾರ ಎಂದು ಅತ್ತಿಗೆ ಮೊದಲೇ ಹೇಳಿದ್ದರು.

ಕಾರಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಅದು ಅವರ ರೂಢಿ, ವಿಮಾನ ನಿಲ್ದಾಣ ದಾಟುವವರೆಗೂ ಅರೆನಿದ್ದೆ. ನನಗದು ಗೊತ್ತಿರಲಿಲ್ಲ. ಬೇಸರವಾಗಿರಬೇಕು ಪಾಪ ಎಂದು, ನಗಿಸಲು ಕ್ಲಿನಿಕ್ಕಿನ ಒಂದು ಕಥೆ ತೆಗೆದೆ. ನಮ್ಮಲ್ಲಿ ಒಬ್ಬ ಪೇಶೆಂಟ್ ಇದ್ದಾನೆ, ಮುಖ ನೋಡಿದವರಿಲ್ಲ, ಬರೀ ಫೋನು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುತ್ತಾನೆ, ಮಾರನೇ ದಿನ ಫೋನ್ ಮಾಡಿ ನೋವಾಗುತ್ತದಾ ಎಂದು ಕೇಳುತ್ತಾನೆ, ಇಲ್ಲವೆಂದರೆ ಸೂಜಿ ಎಷ್ಟು ಉದ್ದ ಎಂದು ಕೇಳುತ್ತಾನೆ, ಆಮೇಲೆ ಕ್ಯಾನ್ಸಲ್ ಮಾಡುತ್ತಾನೆ. ಹೇಳಿ ಸುಮ್ಮನಾಗಲಿಲ್ಲ. ಮೂಗಿನಲ್ಲಿ ಎಳೆದು ಮಾತಾಡುವ ಅವನ ಹಿಂದಿಯನ್ನು ಹಾಗೇ ಮಾಡಿ ತೋರಿಸಿದೆ. ಅಕೌಂಟೆಂಟ್ ಎಚ್ಚರವಾಗಿ ನಕ್ಕರು. ಆ ಉತ್ಸಾಹದಲ್ಲಿ ಮತ್ತೊಮ್ಮೆ ಮಾಡಿದೆ. ನಮ್ಮ ಡಾಕ್ಟರು ಆ ಮನುಷ್ಯನಿಗೆ ಇಟ್ಟಿರುವ ಅಡ್ಡಹೆಸರನ್ನೂ ಹೇಳಿದೆ.

ಮುಂದಿನ ಸೀಟಿನವರು ತಿರುಗಲೇ ಇಲ್ಲ. ಕೆನ್ನೆಯ ಮೇಲೆ ಕೈ ಇಟ್ಟುಕೊಂಡು ಹೆದ್ದಾರಿಯನ್ನೇ ನೋಡುತ್ತಿದ್ದರು. ನಿದ್ದೆ ಇರಬೇಕೆಂದುಕೊಂಡೆ.

ಅಲ್ ಖುವೈರ್‌ನಲ್ಲಿ ನಾನು ಇಳಿದು ಬಾಗಿಲು ಹಾಕುವಾಗ ಮುಂದಿನ ಕಿಟಕಿ ನಿಧಾನವಾಗಿ ಕೆಳಗಿಳಿಯಿತು. ಒಳಗಿನಿಂದ ಅದೇ ಮೂಗಿನ ದನಿ, ಈ ಸಲ ಅಚ್ಚ ಕನ್ನಡದಲ್ಲಿ: "ಮೇಡಂ, ನಾಳೆಯದ್ದು ಕ್ಯಾನ್ಸಲ್ ಮಾಡಿಬಿಡಿ."

ಹೊಸ ಮನೆ

ಹೀಗೆ ಒಂದೂವರೆ ವರ್ಷ ಕಳೆಯಿತು. ಅತ್ತಿಗೆಯ ಮನೆ ಮಾಲೀಕರಿಗೆ ಆ ಮನೆ ಬೇಕಾಯಿತು. ಅತ್ತಿಗೆ ಅಲ್ ಖುವೈರ್‌ಗೆ ವಾಪಸ್ ಬರುತ್ತಾರೇನೋ ಎಂದು ನಾನು ಒಳಗೊಳಗೇ ಆಸೆಪಟ್ಟೆ. ಅವರು ಮಾಬೇಲಾದಲ್ಲೇ ಇನ್ನೊಂದು ಮನೆ ಹಿಡಿದರು. ಒಂದು ಸಂಜೆ ಪಾದ್ರಿಯವರನ್ನು ಕರೆಸಿ ಪ್ರಾರ್ಥನೆ ಮಾಡಿಸಿ, ಬೇಕಾದವರಿಗೆಲ್ಲ ಊಟಕ್ಕೆ ಹೇಳಿದರು. ಎಲ್ಲರೂ ಇರ್ತಾರೆ, ಈ ಸಲವಾದರೂ ನೆಟ್ಟಗೆ ಬಾ ಎಂದು ನನಗೆ ಬೇರೆಯಾಗಿ ಹೇಳಿದರು. ನಾನು ದೊಡ್ಡದೊಂದು ಕೇಕ್ ಮಾಡಿಸಿದೆ. ಗುಲಾಬಿ ಬಣ್ಣದ ಅಕ್ಷರದಲ್ಲಿ ‘ಹ್ಯಾಪಿ ನ್ಯೂ ಹೋಮ್’ ಎಂದು ಬರೆಸಿದೆ.

ಲೊಕೇಶನ್ ಹಿಡಿದುಕೊಂಡೇ ಹೋದೆವು. ಮಾಬೇಲಾದ ಹೊಸ ಬಡಾವಣೆಯಲ್ಲಿ ಎಲ್ಲ ಮನೆಗಳದ್ದೂ ಒಂದೇ ಕೆನೆಬಣ್ಣ, ಒಂದೇ ಕಂದು ಗೇಟು. ಬಂದಿರಿ ಎಂದು ಫೋನು ಹೇಳಿತು. ಮನೆಯ ಮುಂದೆ ಸಾಲುಸಾಲು ಕಾರು, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಸಂಶಯ ಪಡಲು ಏನೂ ಇರಲಿಲ್ಲ.

ಗೇಟಿನಲ್ಲಿದ್ದವರು ನಮ್ಮವರನ್ನು ಗಂಡಸರ ಕಡೆಯ ಹಾಲಿಗೂ ನನ್ನನ್ನು ಒಳಗೂ ಕಳುಹಿಸಿದರು. ಒಳಗೆ ಗೋಡೆಯ ಉದ್ದಕ್ಕೂ ಕಪ್ಪು ಅಬಾಯ ತೊಟ್ಟ ಒಮಾನಿ ಹೆಂಗಸರು ಕೂತಿದ್ದರು. ನಡುವೆ ಖರ್ಜೂರ, ಅರಬ್ಬಿ ಕಾಫಿ ಖಾವಾದ ಫ್ಲಾಸ್ಕುಗಳು. ನನಗೆ ಅತ್ತಿಗೆಯ ಮೇಲೆ ಅಭಿಮಾನವೇ ಬಂತು. ನೆರೆಹೊರೆಯವರನ್ನು ಎಷ್ಟು ಚೆನ್ನಾಗಿ ಸಂಪಾದಿಸಿದ್ದಾರೆ. ಅವರು ಅಡುಗೆಮನೆಯಲ್ಲಿರಬೇಕು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಇದಲ್ಲವೇ ಸಂಸ್ಕಾರ ಎಂದುಕೊಂಡೆ. ಒಬ್ಬಳು ಹುಡುಗಿ ಕೇಕ್ ಇಸಿದುಕೊಂಡು ಖರ್ಜೂರದ ಪಕ್ಕ ಇಟ್ಟಳು. ಡಬ್ಬಿಯ ಮುಚ್ಚಳ ಪಾರದರ್ಶಕ, ಗುಲಾಬಿ ಅಕ್ಷರಗಳು ಕೋಣೆಗೆಲ್ಲ ಕಾಣುತ್ತಿದ್ದವು.

ನಾನು ಸಾಲಿನ ಉದ್ದಕ್ಕೂ ಕೈಕುಲುಕುತ್ತಾ, ನಗುತ್ತಾ, ಮಬ್ರೂಕ್, ಮಬ್ರೂಕ್ ಎನ್ನುತ್ತಾ ಹೋದೆ. ಅಭಿನಂದನೆ ಹೇಳಲು ನನಗೆ ಗೊತ್ತಿದ್ದ ಅರಬ್ಬಿ ಅದೊಂದೇ. ಸಾಲಿನ ನಡುವೆ ಒಬ್ಬ ಅಜ್ಜಿ ಕೂತಿದ್ದರು. ಅತ್ತಿಗೆಗೆ ಮನೆ ಬಾಡಿಗೆಗೆ ಕೊಟ್ಟ ಯಜಮಾನಿ ಇವರೇ ಎಂದು ಊಹಿಸಿ, ಅವರ ಎರಡೂ ಕೈ ಹಿಡಿದು ಉಳಿದವರಿಗೆ ಹೇಳಿದ್ದಕ್ಕಿಂತ ಜೋರಾಗಿ ಹೇಳಿದೆ. ಪಕ್ಕದಲ್ಲಿದ್ದ ಅವರ ಮಗಳು ನನ್ನನ್ನು ವಿಚಿತ್ರವಾಗಿ ನೋಡಿ ಇಂಗ್ಲಿಷಿನಲ್ಲಿ, ನಮ್ಮ ತಂದೆ ನಿಮಗೆ ಪರಿಚಯವಿತ್ತೇ ಎಂದು ಕೇಳಿದಳು.

"ಇಲ್ಲ," ಎಂದೆ. "ಇವತ್ತು ಅವರೂ ಬರ್ತಾರಾ?"

ಅವಳು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು. ಅವಳ ತಂದೆ ತೀರಿಕೊಂಡಿದ್ದರು. ಬಂದವರೆಲ್ಲ ದುಃಖ ಹಂಚಿಕೊಳ್ಳಲು ಬಂದವರು. ಅಜ್ಜಿ ಅವರ ಹೆಂಡತಿ. ಅತ್ತಿಗೆಯ ಮನೆ ಹಿಂದಿನ ಬೀದಿಯಲ್ಲಿತ್ತು.

ಅದೇ ಹೊತ್ತಿಗೆ ಗಂಡಸರ ಹಾಲಿನಿಂದ ನಮ್ಮವರ ದನಿ ಕೇಳಿಸಿತು. ಮನೆ ಬಹಳ ಚೆನ್ನಾಗಿದೆ, ಒಳ್ಳೆ ಗಾಳಿ ಬೆಳಕು ಇದೆ ಎಂದು ಯಾರಿಗೋ ಹಿಂದಿಯಲ್ಲಿ ಹೇಳುತ್ತಿದ್ದರು. ನಾನು ಮಗಳ ಕೈ ಹಿಡಿದು ಸಾರಿ, ಸಾರಿ ಎನ್ನುವಾಗಲೇ ಅಜ್ಜಿ ಕೇಕಿನ ಕಡೆ ಬೆರಳು ತೋರಿಸಿ ಏನೋ ಕೇಳಿದರು. ಅದರ ಮೇಲೆ ಏನು ಬರೆದಿದೆ ಎಂದು ಕೇಳುತ್ತಿದ್ದಾರೆ ಎಂದು ನನಗೂ ಅರ್ಥವಾಯಿತು. ಮಗಳು ನನ್ನ ಮುಖ ನೋಡಿದಳು, ಕೇಕ್ ನೋಡಿದಳು, ತಡವರಿಸಿ ಅರಬ್ಬಿಯಲ್ಲಿ ಹೇಳಿದಳು.

ಅಜ್ಜಿ ತಲೆಬಟ್ಟೆಯ ಅಂಚನ್ನು ಬಾಯಿಗೆ ಒತ್ತಿಕೊಂಡರು. ಭುಜಗಳು ಅಲುಗತೊಡಗಿದವು. ಗಂಡನನ್ನು ಕಳೆದುಕೊಂಡವರನ್ನು ಮತ್ತೆ ಅಳಿಸಿಬಿಟ್ಟೆನಲ್ಲ ಎಂದು ನನಗೂ ಅಳು ಬಂತು. ಪಕ್ಕದವರು ಅವರ ಬೆನ್ನು ಸವರಲು ಹೋದರು. ಆಗ ಅವರು ಬಟ್ಟೆ ತೆಗೆದರು. ನೋಡಿದರೆ, ಅವರು ನಗುತ್ತಿದ್ದರು. ಕಣ್ಣೊರೆಸಿಕೊಳ್ಳುತ್ತಾ ಉದ್ದಕ್ಕೆ ಏನೋ ಹೇಳಿದರು. ಸಾಲಿನ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ಹೆಂಗಸರೆಲ್ಲ ಬಾಯಿಗೆ ಬಟ್ಟೆ ಒತ್ತಿಕೊಂಡರು.

ನಾನು ಮಗಳ ಮುಖ ನೋಡಿದೆ. ಅವಳು ನಗು ತಡೆದುಕೊಂಡು ನನಗೆ ತಿಳಿಸಿದಳು:

"ಮತ್ರಾದಿಂದ ನನ್ನನ್ನು ಇಷ್ಟು ದೂರ ಎಳೆದುಕೊಂಡು ಬಂದಿರಿ ಎಂದು ಅಪ್ಪ ಕೊನೆಯವರೆಗೂ ಈ ಮನೆಯನ್ನು ಬೈಯುತ್ತಿದ್ದರು. ಈಗ ಹೋದ ಮನೆಯಾದರೂ ಅವರಿಗೆ ಹಿಡಿಸಲಿ ಅಂತಾರೆ ಅಮ್ಮ. ಕೇಕ್ ಮಾತ್ರ ವಾಪಸ್ ಕೊಡುವುದಿಲ್ಲವಂತೆ."