ಮಾವನ ಮೂಗು ಮತ್ತು ಏಳನೇ ಗ್ಲಾಸು

ನನ್ನ ಸೋದರಮಾವನನ್ನು ಊಟಕ್ಕೆ ಕರೆಯುವವರು ಗಂಡೆದೆಯವರೇ ಇರಬೇಕು. ಇದರಲ್ಲಿ ಉತ್ಪ್ರೇಕ್ಷೆ ಇಲ್ಲ. ಇದ್ದರೂ ಒಂದು ಚಿಟಿಕೆ! ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಒಂದು ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ಕಾಫಿಯ ರುಚಿ ನೋಡುವುದೇ ಅವರ ಉದ್ಯೋಗ. ಚಮಚದಲ್ಲಿ ಎತ್ತುವುದು, ಸೊರ್ರೆಂದು ಎಳೆಯುವುದು, ಬಾಯೆಲ್ಲ ಓಡಾಡಿಸಿ ಪಕ್ಕದ ಡಬ್ಬಕ್ಕೆ ಉಗಿಯುವುದು, ಆಮೇಲೆ 'ಪಾಸ್' ಅಥವಾ 'ಫೇಲ್' ಎನ್ನುವುದು. ನಿವೃತ್ತಿಯಾದ ಮೇಲೆ ಕೆಲಸ ಬಿಟ್ಟಿತು, ಚಟ ಬಿಡಬೇಕಲ್ಲ! ಕೆಮ್ಮಿನ ಔಷಧಿ, ನೆಂಟರ ಮನೆಯ ಬಾವಿ ನೀರು, ಯಾವುದಕ್ಕೂ ವಿನಾಯಿತಿ ಇಲ್ಲ.

ಹಿಂದೊಮ್ಮೆ ಆಲ್ದೂರಿನ ಮದುವೆಯೊಂದರಲ್ಲಿ ಪಾಯಸವನ್ನು ಎಳೆದ ಸದ್ದಿಗೆ ಎದುರು ಪಂಕ್ತಿಯ ಮಗು ಅಳತೊಡಗಿತು. ಮಾವ ಕಣ್ಣು ಮುಚ್ಚಿ, ಏಲಕ್ಕಿಯನ್ನು ಒದ್ದೆ ಗೋಣಿಯಲ್ಲಿ ಇಟ್ಟಿದ್ದರು, ಮುಗ್ಗಲು ವಾಸನೆ ಬರುತ್ತಿದೆ, ಫೇಲ್ ಎಂದು ಘೋಷಿಸಿದರು. ಅಡುಗೆ ಭಟ್ಟರು ಸೌಟು ಹಿಡಿದೇ ಓಡಿ ಬಂದರು. ಹೊಡೆದಾಟವೇ ಎಂದು ನಾವು ಎಲೆ ಬಿಟ್ಟು ಏಳುವುದರಲ್ಲಿದ್ದೆವು. ಭಟ್ಟರು ಕೈಮುಗಿದು, ಹೌದು ಸ್ವಾಮಿ, ಯಾರಿಗೂ ಹೇಳಬೇಡಿ ಎಂದರು. ಇಡೀ ಪಂಕ್ತಿ ಆಗಲೇ ಕೇಳಿಸಿಕೊಂಡಾಗಿತ್ತು.

ಇಂಥವರ ಕೈಗೆ ವೈನಿನ ಪಟ್ಟಿ ಸಿಕ್ಕರೆ? ಸಿಕ್ಕಿತು! ಮೂಡಿಗೆರೆ ರಸ್ತೆಯಲ್ಲಿ ಪ್ಲಾಂಟರ್ ಒಬ್ಬರ ಮಗಳು ಹೊಸ ರೆಸ್ಟೋರೆಂಟ್ ತೆರೆದಿದ್ದಾಳೆ. ನಮ್ಮ ಕಡುಬಿಗೆ ಅಲ್ಲಿ ಅದರ ಹೆತ್ತವರೂ ಗುರುತಿಸದ ಹೆಸರು. ಹನ್ನೆರಡು ವೈನುಗಳನ್ನು ನೋಡಿ ಹೇಳಿ ಅಂಕಲ್, ಪಟ್ಟಿಯ ಕೆಳಗೆ ನಿಮ್ಮ ಹೆಸರನ್ನೇ ಅಚ್ಚು ಹಾಕಿಸುತ್ತೇನೆ ಎಂದಳು. ಮಾವ ಒಂದು ವಾರ ನೆಲದ ಮೇಲೆ ನಡೆಯಲಿಲ್ಲ.

ಕಾರು ಓಡಿಸಲು ನಾನು, ಜೊತೆಗೆ ಅತ್ತೆ. ಜನ್ಮದಲ್ಲಿ ಒಂದು ಹನಿ ಕುಡಿದವರಲ್ಲ ಅತ್ತೆ. ಆದರೆ ಎರಡು ವರ್ಷದಿಂದ ಮಾವನದು ಒಂದು ಹೊಸ ಪದ್ಧತಿ: ಏನೇ ಬರಲಿ, ಮೊದಲು ಅತ್ತೆ ಮೂಸಬೇಕು. ಹೆಂಡತಿಗೆ ಎಂಥ ಮರ್ಯಾದೆ, ನೋಡಿ ಕಲಿಯಿರಿ ಎಂದು ನನ್ನ ಗಂಡನಿಗೆ ಎಷ್ಟು ಸಲ ಹೇಳಿದ್ದೇನೋ!

ಮಾವ ಕನ್ನಡಕ ಏರಿಸಿ ಪಟ್ಟಿ ಓದಿದರು. ದ್ರಾಕ್ಷಿ ಬೆಳೆದ ಜಾಗ ಎಷ್ಟು ಎತ್ತರ, ನೆರಳಿಗೆ ಯಾವ ಮರ, ಹಣ್ಣು ಆರಿಸಿ ಕೊಯ್ದದ್ದೋ ಒಟ್ಟಿಗೆ ಸವರಿದ್ದೋ ಎಂದು ಕಾಫಿಗೆ ಕೇಳುವ ಪ್ರಶ್ನೆಗಳನ್ನೇ ಬಡಿಸುವವನಿಗೆ ಕೇಳಿದರು. ಕೆಂಪು, ಬಿಳಿ ಎರಡೂ ಇದೆ ಸರ್ ಎಂದ ಅವನು. ಬಾಟಲಿಗಳನ್ನು ಮರೆ ಮಾಡಿಸಿ ಗ್ಲಾಸುಗಳಿಗೆ ನಂಬರ್ ಚೀಟಿ ಅಂಟಿಸಿದ್ದಾಯಿತು. ಉಗಿಯಲು ಐಸಿನ ಬಕೆಟ್. ಪಕ್ಕದ ಮೇಜಿನ ಪ್ರವಾಸಿಗರು ಕುರ್ಚಿ ತಿರುಗಿಸಿ ಕೂತರು. ಅತ್ತೆ ಮೂಸಿ ಮಾವನ ಕಿವಿಯಲ್ಲಿ ಏನೋ ಗುಸುಗುಸು ಎನ್ನುತ್ತಿದ್ದರು, ಮಾವ ಸೊರ್ರೆಂದು ಎಳೆದು ತೀರ್ಪು ಕೊಡುತ್ತಿದ್ದರು. ಎರಡು, ಹಲಸಿನ ತೊಳೆಯ ಘಮ, ಪಾಸ್. ನಾಲ್ಕು, ಸೀದ ಬೆಲ್ಲ, ಫೇಲ್. ಹುಡುಗಿ ಭಕ್ತಿಯಿಂದ ಬರೆದುಕೊಂಡಳು.

ಏಳನೆಯದು ಬರುವಾಗ ಅತ್ತೆಗೆ ಫೋನ್ ಬಂತು, ಹೊರಗೆ ಹೋದರು. ಮಾವ ಕಾದರು. ಬಾಗಿಲು ನೋಡಿದರು. ಹುಡುಗಿ ಪೆನ್ನು ಹಿಡಿದು ನಿಂತೇ ಇದ್ದಳು. ಕೊನೆಗೆ ತಾವೇ ಎಳೆದು, ಹಣ್ಣಿನ ಪರಿಮಳ ಚೆನ್ನಾಗಿದೆ, ಪಾಸ್ ಎಂದರು. ಅಷ್ಟು ಒಳ್ಳೆಯದಾ ಎಂದು ನಾನೂ ಮೂಸಿದೆ. ಒದ್ದೆ ಗೋಣಿಯ ವಾಸನೆ! ನನ್ನಂಥವಳಿಗೂ ತಿಳಿಯುವಷ್ಟು ಮುಗ್ಗಲು.

ವಾಪಸ್ ಬಂದ ಅತ್ತೆ, ಹುಡುಗಿ ಬರೆದುಕೊಂಡ 'ಪಾಸ್' ನೋಡಿ, ಗ್ಲಾಸು ಮೂಸಿದರು. ಮುಖ ಸಣ್ಣದಾಯಿತು. ಮರುಕ್ಷಣವೇ ಹುಡುಗಿಯತ್ತ ನಕ್ಕು, "ಇವ್ರು ತಮಾಷೆಗೆ ಪಾಸ್ ಅಂದಿದ್ದು. ನಿಮ್ಮನ್ನ ಪರೀಕ್ಷೆ ಮಾಡ್ತಿದ್ರು" ಎಂದರು.

ಮಾವನೂ ನಕ್ಕುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೆಸರೂ ಅಚ್ಚಾಗುತ್ತಿತ್ತು. ಅವರು ಗ್ಲಾಸು ಕೆಳಗಿಟ್ಟರು.

"ತಮಾಷೆ ಅಲ್ಲಮ್ಮ. ಎರಡು ವರ್ಷದ ಹಿಂದೆ ಜ್ವರ ಬಂದಾಗ ವಾಸನೆ ಹೋಯ್ತು, ವಾಪಸ್ ಬರ್ಲಿಲ್ಲ. ಇಷ್ಟೊತ್ತು ಮೂಗು ಇವಳದ್ದು, ಬಾಯಿ ಮಾತ್ರ ನನ್ನದು. ಹೆಸರು ಹಾಕೋದಾದ್ರೆ ಇವಳದ್ದು ಹಾಕಿ."

ನನಗೆ ತಲೆ ಎತ್ತಲು ಆಗಲಿಲ್ಲ. ಎರಡು ವರ್ಷ ನಾನು ಮರ್ಯಾದೆ ಎಂದುಕೊಂಡಿದ್ದು ಇದಾಗಿತ್ತು. ಹುಡುಗಿ ಜಾಣೆ. ಒಂದು ಹೆಸರು ಹೊಡೆದುಹಾಕಿ ಇನ್ನೊಂದು ಬರೆದು, ಇನ್ನೂ ಐದು ಇದೆ ಆಂಟಿ ಎಂದಳು. ಕುಡಿಯದವಳ ಹೆಸರು ವೈನಿನ ಪಟ್ಟಿಯಲ್ಲಿ ಬಂದರೆ ತವರುಮನೆಗೆ ಹೇಗೆ ಮುಖ ತೋರಿಸಲಿ ಎಂದು ಅತ್ತೆ ಗೋಳಾಡಿದರು. ಆದರೂ ಐದನ್ನೂ ಮೂಸಿದರು. ಈ ಸಲ ಗುಸುಗುಸು ಇಲ್ಲ, ಎಲ್ಲ ಗಟ್ಟಿಯಾಗಿಯೇ.

ವಾಪಸ್ ಬರುವಾಗ ಮಾವ ಗಾಜು ಇಳಿಸು ಮಾರಾಯ್ತಿ ಎಂದರು. ಮೊದಲ ಮಳೆ ಬಿದ್ದು ರಸ್ತೆಯ ಎರಡೂ ಕಡೆ ಕಾಫಿ ಹೂ ಬಿಟ್ಟಿತ್ತು. ತೋಟಕ್ಕೆ ತೋಟವೇ ಬೆಳ್ಳಗೆ. ಮಾವ ಬಹಳ ಹೊತ್ತು ನೋಡುತ್ತಾ ಕೂತಿದ್ದರು.

"ಹೇಗಿದೆ ಈ ವರ್ಷ?" ಎಂದು ಅತ್ತೆಯನ್ನು ಕೇಳಿದರು.

ಅತ್ತೆ ಕಿಟಕಿಗೆ ಮುಖ ಕೊಟ್ಟು, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಎಳೆದುಕೊಂಡರು. "ನಾನು ಮದುವೆಯಾಗಿ ಬಂದ ವರ್ಷ ಇತ್ತಲ್ಲ, ಹಾಗೇ ಇದೆ" ಎಂದರು.

ನನಗೆ ರಸ್ತೆ ಮಸುಕಾಯಿತು. ಕಾರನ್ನು ಬದಿಗೆ ನಿಲ್ಲಿಸಿದೆ. ಮಾವನೂ ಕಣ್ಣು ಮುಚ್ಚಿ ಉಸಿರು ಎಳೆದುಕೊಂಡರು, ಆಮೇಲೆ ಅತ್ತೆಯ ಕೈ ಹಿಡಿದು ಹೇಳಿದರು:

"ಪಾಸ್."