ಅತ್ತೆಯ ಟೋಪನ್ನೂ ನಮ್ಮ ಹೊಸ ಟಿವಿಯೂ

ಅಂಗಡಿಯವನು ಬೆಲೆ ಹೇಳಿದ ಮೇಲೆ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂಬುದು ನನಗೆ ಇವತ್ತಿಗೂ ತಿಳಿದಿಲ್ಲ. ನನ್ನ ಹೆಂಡತಿ ಜಯ ಬೆಲೆ ಕೇಳಿದ ಕೂಡಲೇ ಹತ್ತಿರದ ನೆಂಟರು ಯಾರೋ ಹೋಗಿಬಿಟ್ಟ ಸುದ್ದಿ ಬಂದವಳ ಹಾಗೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ನಿಂತುಬಿಡುತ್ತಾಳೆ. ಅಂಗಡಿಯವನು ತಾನೇ ಸಮಾಧಾನ ಮಾಡುವಂತೆ ಬೆಲೆ ಇಳಿಸುತ್ತಾನೆ. ನಾನೋ, ಅವನು ಏನು ಹೇಳಿದರೂ ಶುಭವಾರ್ತೆ ಕೇಳಿದವನಂತೆ ತಲೆಯಾಡಿಸುತ್ತೇನೆ. ಈ ಅಸಾಮರ್ಥ್ಯವನ್ನು ಮುಚ್ಚಿಕೊಳ್ಳಲು ನಾನೊಂದು ಸಿದ್ಧಾಂತ ಮಾಡಿಕೊಂಡಿದ್ದೇನೆ. ಬೆಲೆ ಹೆಚ್ಚಾದರೆ ಗುಣ ಹೆಚ್ಚು, ಅಷ್ಟೆ. ಮಂಡ್ಯದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರಾದ ನಾನು ಒಂದು ಸಿದ್ಧಾಂತ ಹಿಡಿದೆನೆಂದರೆ ಸುಲಭಕ್ಕೆ ಬಿಡುವವನಲ್ಲ. ಒಮ್ಮೆ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಹೇಳಿದವಳ ಹತ್ತಿರ ಬದನೆಕಾಯಿ ತಂದಿದ್ದೆ. ಜಯ ಹೆಚ್ಚಲು ಕೂತರೆ ಒಂದೊಂದರಲ್ಲೂ ಹುಳು. "ಇದಕ್ಕೇನು ಹೇಳ್ತೀರಿ?" ಎಂದಳು. "ಹುಳು ಕೂಡ ಒಳ್ಳೆಯದನ್ನೇ ಆರಿಸುತ್ತೆ, ನೋಡು" ಎಂದೆ. ಆವತ್ತು ಮನೆಯಲ್ಲಿ ಮೊಸರನ್ನ.

ಇಂಥ ನನ್ನ ಮನೆಯ ಹಳೆಯ ಟಿವಿ ಹೋದ ಚಳಿಗಾಲದಲ್ಲಿ ಕಣ್ಣು ಮುಚ್ಚಿತು. ಅದೇ ಹೊತ್ತಿಗೆ ನಮ್ಮವ್ವ ಕಣ್ಣು ತೆರೆದಿದ್ದಳು. ಅಂದರೆ, ಪೊರೆಯ ಆಪರೇಷನ್ ಆಗಿ ಪಟ್ಟಿ ಬಿಚ್ಚಿದ್ದರು. ಅವ್ವ ಹೊಳಲು ಹಳ್ಳಿಯವಳು. ಹೊಗೆ ತುಂಬಿದ ಒಲೆಯ ಮುಂದೆ ಕಣ್ಣು ಸವೆಸಿ ನನ್ನನ್ನು ಓದಿಸಿದವಳು. ಈಗ ನಮ್ಮ ಜೊತೆಯೇ ಇದ್ದಾಳೆ. ಅವಳಿಗೆ ದಿನದಲ್ಲಿ ಇರುವುದು ಒಂದೇ ಒಂದು ಸುಖ, ಸಂಜೆಯ ಧಾರಾವಾಹಿ. ಒಬ್ಬ ಒಳ್ಳೆಯ ಸೊಸೆ, ಅವಳನ್ನು ಹುರಿದು ಮುಕ್ಕುವ ಒಬ್ಬ ಅತ್ತೆ, ಇವರಿಬ್ಬರ ಕಥೆ ಅದು. ವರ್ಷಗಳಿಂದ ಪೊರೆಗಣ್ಣಿನಲ್ಲಿ ಆ ಸೊಸೆಯನ್ನು ಮಸುಕು ಮಸುಕಾಗಿ ನೋಡುತ್ತಿದ್ದ ಅವ್ವನಿಗೆ ಇನ್ನು ಮೇಲೆ ಮಂಡ್ಯದಲ್ಲಿ ಸಿಗುವ ಅತ್ಯುತ್ತಮ ಚಿತ್ರವನ್ನೇ ತೋರಿಸಬೇಕೆಂದು ನಾನು ಹಟ ತೊಟ್ಟೆ. ಈ ಒಂದು ವಿಷಯದಲ್ಲಿ ಯಾರ ಮಾತನ್ನೂ ಕೇಳುವುದಿಲ್ಲವೆಂದು ಜಯನಿಗೆ ಮೊದಲೇ ಹೇಳಿದೆ. "ಬೇರೆ ಯಾವ ವಿಷಯದಲ್ಲಿ ಕೇಳಿದ್ದೀರಿ?" ಎಂದು ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು.

ಅಂಗಡಿಯಲ್ಲಿ ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಒಂದೇ ಗಿಣಿ, ಒಂದೇ ಹಣ್ಣು ತಿನ್ನುತ್ತಿತ್ತು. ಮಾರುವ ಹುಡುಗಿ ಬಲು ಚುರುಕು. "ಇದರಲ್ಲಿ ಗಿಣಿಯ ಒಂದೊಂದು ಗರಿಯನ್ನೂ ಎಣಿಸಬಹುದು ಸಾರ್" ಎಂದಳು. "ನಮ್ಮನೇಲಿ ಗಿಣಿ ಗರಿ ಎಣಿಸೋರು ಯಾರೂ ಇಲ್ಲಮ್ಮ" ಎಂದಳು ಜಯ. ಹುಡುಗಿ ಸೋಲಲಿಲ್ಲ. "ಹಾಗಾದರೆ ಕಪ್ಪು ನೋಡಿ ಮೇಡಂ. ಬೇರೆ ಟಿವಿಯ ಕಪ್ಪು ಬೂದಿ ಥರ ಇರುತ್ತೆ. ಇದರದ್ದು ನಿಜವಾದ ಕಪ್ಪು." "ಕಪ್ಪು ನೋಡೋಕೆ ಟಿವಿ ಯಾಕೆ? ಆಫ್ ಮಾಡಿದ್ರೆ ಆಯ್ತಲ್ಲ?" ಎಂದಳು ಜಯ. ಅವಳ ಮನಸ್ಸು ಮೂಲೆಯಲ್ಲಿದ್ದ ಸಾಧಾರಣ ಟಿವಿಯೊಂದರ ಮೇಲಿತ್ತು. ಎರಡರಲ್ಲೂ ಗಿಣಿ ಒಂದೇ ಥರ ಕಾಣುತ್ತದೆ ಎಂಬುದು ಅವಳ ವಾದ. ನಿಜ ಹೇಳಬೇಕೆಂದರೆ ನನಗೂ ಒಂದೇ ಥರ ಕಾಣುತ್ತಿತ್ತು. ಆದರೆ ಬೆಲೆಯ ಚೀಟಿಗಳು ಒಂದೇ ಥರ ಇರಲಿಲ್ಲವಲ್ಲ! ಇಷ್ಟು ವ್ಯತ್ಯಾಸ ಸುಮ್ಮನೆ ಬರುತ್ತದೆಯೇ ಎಂದುಕೊಂಡು, ತಲೆಯಾಡಿಸಿ, ದುಬಾರಿಯದನ್ನೇ ತಂದೆ.

ಟಿವಿ ಗೋಡೆಗೇರುವ ದಿನ ಹಲಗೂರಿನಿಂದ ನನ್ನ ಮಾವನವರೂ ಬಂದಿದ್ದರು. ಜೀವಮಾನವೆಲ್ಲ ರಾಗಿ ಮೂಟೆ, ಕಬ್ಬಿನ ಹೊರೆ ಎತ್ತಿಯೇ ಬೆಲೆ ಕಟ್ಟಿದವರು ಅವರು. ಪೆಟ್ಟಿಗೆಯಿಂದ ತೆಗೆದ ಟಿವಿಯ ಒಂದು ಮೂಲೆಯನ್ನು ಮೆಲ್ಲಗೆ ಎತ್ತಿ ನೋಡಿ ಮುಖ ಹುಳ್ಳಗೆ ಮಾಡಿಕೊಂಡರು. "ಏನಳಿಯಂದ್ರೇ, ತೂಕನೇ ಇಲ್ವಲ್ಲ ಇದು! ಅಷ್ಟು ದುಡ್ಡು ಈಸ್ಕೊಂಡು ಬರೀ ಅಪ್ಪಳ ಕೊಟ್ಟವ್ರಲ್ಲ!" ತೆಳ್ಳಗಿದ್ದಷ್ಟೂ ಬೆಲೆ ಹೆಚ್ಚು ಎಂದು ನಾನು ವಿವರಿಸಿದೆ. ಅವರು ನನ್ನನ್ನು ಕರುಣೆಯಿಂದ ನೋಡಿ ಎಲೆಯಡಿಕೆ ಹಾಕಿಕೊಂಡರು. ಅವ್ವ ಟಿವಿಯ ಅಂಚಿಗೆ ಅರಿಶಿನ ಕುಂಕುಮ ಇಟ್ಟು ಆರತಿ ಬೆಳಗಿದಳು. ಸಂಜೆ ಧಾರಾವಾಹಿ ಬಂತು. ಮುಗಿದ ಮೇಲೆ "ಹೆಂಗದೆ ಅವ್ವಾ?" ಎಂದು ಕೇಳಿದೆ. "ಚೆನ್ನಾಗದೆ ಕಣಪ್ಪ. ಎಲ್ಲಾ ಕಾಣ್ತದೆ" ಎಂದಳು. ಅದನ್ನು ನಾನು ಹೊಗಳಿಕೆ ಎಂದೇ ತಿಳಿದೆ.

ಒಂದು ವಾರ ಕಳೆಯುವುದರೊಳಗೆ ಸಂಜೆಯಾದರೆ ಅವ್ವ ಮನೆಯಲ್ಲಿ ಇಲ್ಲ. ವಿಚಾರಿಸಿದರೆ ಪಕ್ಕದ ನಂಜಮ್ಮನ ಮನೆಗೆ ಹೋಗಿದ್ದಾಳೆ. ನಂಜಮ್ಮ, ಊರ ಕಡೆ ಕಬ್ಬು ಬೆಳೆದುಕೊಂಡು ಮಕ್ಕಳ ಓದಿಗೆಂದು ಮಂಡ್ಯದಲ್ಲಿ ಮನೆ ಮಾಡಿರುವ ನಿಂಗೇಗೌಡರ ಹೆಂಡತಿ. "ಅವರೆಕಾಲ ಅಲ್ವೇನಪ್ಪ, ನಂಜಮ್ಮುಂಗೆ ಕಾಳು ಇತುಕ್ಕೊಡಕೆ ಓಯ್ತೀನಿ" ಎಂದಳು ಅವ್ವ. ನಮ್ಮ ಕಡೆ ಚಳಿಗಾಲ ಬಂತೆಂದರೆ ಹೆಂಗಸರು ನೆನೆಸಿದ ಅವರೆಕಾಳಿನ ಪಾತ್ರೆಯನ್ನು ಮಧ್ಯೆ ಇಟ್ಟುಕೊಂಡು, ಸುತ್ತ ಕೂತು, ಒಂದೊಂದೇ ಕಾಳನ್ನು ಹಿತುಕಿ ಸಿಪ್ಪೆಯಿಂದ ಬೇಳೆ ಹಾರಿಸುವುದು ಇದ್ದದ್ದೇ. ಅದರಲ್ಲಿ ಅನುಮಾನಪಡುವಂಥದ್ದೇನೂ ಇಲ್ಲ. ಆದರೆ ಆ ಹಿತುಕುವ ಕೆಲಸ ಧಾರಾವಾಹಿಯ ಹೊತ್ತಿಗೇ ಶುರುವಾಗಿ ಅದು ಮುಗಿದಾಗಲೇ ಮುಗಿಯುತ್ತಿತ್ತು. ನನಗೆ ನಿಜವಾಗಿಯೂ ನೋವಾಯಿತು. ಅವ್ವನಿಗೆಂದೇ ತಂದ ಟಿವಿಯ ಮುಂದೆ ನಾನೊಬ್ಬನೇ ಕೂತಿದ್ದರೆ ಅವಳು ಇನ್ನೊಬ್ಬರ ಮನೆಯ ಅಗ್ಗದ ಟಿವಿಗೆ ನಡೆದುಹೋಗುವುದೆಂದರೇನು? ಅವ್ವನನ್ನು ನಮ್ಮ ಹಾಲಿಗೆ ವಾಪಸು ಕರೆತಂದೇ ತರುತ್ತೇನೆಂದು ಶಪಥ ಮಾಡಿದೆ.

ಮೊದಲು ಸದ್ದು ಕಮ್ಮಿಯಾಯಿತೇನೋ ಎಂದು ಹೆಚ್ಚಿಸಿದೆ. ಎದುರು ಮನೆಯ ಮಗು ಎದ್ದು ಅತ್ತಿತು. ಕುರ್ಚಿ ಎತ್ತರವಾಯಿತೇನೋ ಎಂದು ಚಾಪೆ ಹಾಸಿದೆ, ಚಾಪೆ ತಣ್ಣಗಾಯಿತೇನೋ ಎಂದು ಕಂಬಳಿ ಹಾಸಿದೆ. ಬಣ್ಣ ಹೆಚ್ಚು ಮಾಡಿದೆ, ಕಮ್ಮಿ ಮಾಡಿದೆ. "ನಾವೇ ಒಂದಷ್ಟು ಅವರೆಕಾಳು ನೆನೆಹಾಕಿ ಇಲ್ಲೇ ಹಿತುಕಿದರಾಯ್ತು" ಎಂದು ಜಯನಿಗೆ ಹೇಳಿದೆ. ಅವಳು ನೆನೆಹಾಕಿದಳು. ಅವ್ವ ನೆನೆದ ಕಾಳನ್ನು ಪಾತ್ರೆ ಸಮೇತ ಎತ್ತಿಕೊಂಡು ನಂಜಮ್ಮನ ಮನೆಗೆ ಹೋದಳು.

ಕೊನೆಗೆ ನಾನೇ ಅಲ್ಲಿಗೆ ಹೋದೆ. ಆ ಟಿವಿಯನ್ನು ನಂಜಮ್ಮನ ಅಣ್ಣ ಮಳವಳ್ಳಿಯಲ್ಲಿ ಯಾವುದೋ ಹಬ್ಬದ ರಿಯಾಯಿತಿಯಲ್ಲಿ ಹಿಡಿದು ಕಳಿಸಿದ್ದಂತೆ. ಅದರಲ್ಲಿ ಸೊಸೆಗೆ ಕಾಮಾಲೆ ಬಂದಂತೆ ಕಾಣುತ್ತಿತ್ತು. ಅತ್ತೆಯ ಕೆಂಪು ಸೀರೆ ಅಂಚು ಮೀರಿ ಪಕ್ಕದವರ ಮೈಮೇಲೂ ಹರಡಿತ್ತು. ಆದರೆ ಅವ್ವ, ನಂಜಮ್ಮ, ಎದುರು ಮನೆಯ ರತ್ನಮ್ಮ ಮೂವರೂ ಕೈಯಲ್ಲಿ ಕಾಳು ಹಿತುಕುತ್ತ, ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದರು. "ಇವಳ್ ಮನೆ ಆಳಾಗ! ಹಾಲಿಗೆ ಏನ್ ಬೆರುಸ್ತಾವ್ಳೆ ನೋಡಕ್ಕಾ!" ಎಂದು ನಂಜಮ್ಮ ಅತ್ತೆಗೆ ಶಾಪ ಹಾಕುತ್ತಿದ್ದಳು. "ಈ ಟಿವಿಯಲ್ಲಿ ಬಣ್ಣವೇ ಸರಿಯಿಲ್ಲ, ಆ ಹಾಲನ್ನು ನೋಡಿ, ಕಷಾಯದ ಥರ" ಎಂದು ನಾನು ಬಾಯಿ ತೆರೆದೆ. "ಸುಮ್ಕೆ ಕೂತ್ಕಳಿ ಮೇಷ್ಟ್ರೇ, ಅವ್ಳು ಕುಡುದ್ಬುಡ್ತಾಳೆ!" ಎಂದು ಗದರಿದಳು ನಂಜಮ್ಮ. ಸೊಸೆ ಕುಡಿಯಲಿಲ್ಲ. ಎಲ್ಲರೂ ಉಸಿರು ಬಿಟ್ಟರು. ನಾನೂ ಬಿಟ್ಟೆನೆಂಬುದು ಆಮೇಲೆ ನೆನಪಿಗೆ ಬಂತು.

ನನ್ನ ಅದೃಷ್ಟಕ್ಕೆ ಅದೇ ವಾರ ಆ ಟಿವಿ ಸುಟ್ಟುಹೋಯಿತು. ಕರೆಂಟು ಹೋಗಿ ಜೋರಾಗಿ ಬಂದಾಗ ಹಿಂದುಗಡೆಯಿಂದ ಹೊಗೆ ಬಂತಂತೆ. ಪಕ್ಕದ ಮನೆಯವರ ನಷ್ಟಕ್ಕೆ ಸಂತೋಷಪಡಬಾರದೆಂದು ನನಗೂ ಗೊತ್ತು. ಹಾಗಾಗಿ ಮುಖದಲ್ಲಿ ತೋರಿಸಲಿಲ್ಲ. "ಇವತ್ತಿಂದ ಎಲ್ಲರೂ ನಮ್ಮನೆಗೇ ಬನ್ನಿ. ಅವರೆಕಾಳೂ ತನ್ನಿ" ಎಂದು ಕರೆದೆ. ಬಂದರು. ಕಂಬಳಿಯ ಮೇಲೆ ಕೂತರು. ಆವತ್ತು ಸೊಸೆಯನ್ನು ಮನೆಯಿಂದ ಹೊರಗೆ ಹಾಕುವ ದಿನ. ಗಿಣಿಯ ಗರಿ ಎಣಿಸುವಂಥ ನನ್ನ ಟಿವಿಯಲ್ಲಿ ಅತ್ತೆಯ ಮುಖ ಗೋಡೆಯಷ್ಟಗಲ ಬಂತು. ನಾನು ಹೆಮ್ಮೆಯಿಂದ ಎಲ್ಲರ ಮುಖ ನೋಡಿದೆ.

"ಅಯ್ಯ! ಅತ್ತೆ ಕೂದ್ಲು ಟೋಪನ್ನು ಕಣಕ್ಕಾ!" ಎಂದಳು ನಂಜಮ್ಮ. "ಅಣೆ ಮ್ಯಾಗೆ ಅಂಟ್ಸಿರೋ ಗೆರೆ ಕಾಣ್ತದೆ ನೋಡು."

"ದೇವಸ್ಥಾನದ ಕಂಬನೂ ಕಲ್ಲಲ್ಲ ಕಣ್ರೀ, ಹಲಗೆ. ಮೊಳೆ ಕಾಣ್ತದೆ" ಎಂದಳು ರತ್ನಮ್ಮ.

ಅಲ್ಲಿಂದ ಮುಂದೆ ಯಾರೂ ಕಥೆ ನೋಡಲಿಲ್ಲ. ಸೊಸೆ ಹೊಸ್ತಿಲ ಮೇಲೆ ಬಿದ್ದು ಗೋಳಾಡುತ್ತಿದ್ದರೆ ಇವರು ಅವಳ ರೆಪ್ಪೆಗೆ ಅಂಟಿಸಿದ ಕೂದಲನ್ನು ಹುಡುಕುತ್ತಿದ್ದರು. ಕೆನ್ನೆಯ ಮೇಲಿನ ಪೌಡರು ಗೋಡೆಯ ಸುಣ್ಣದಂತೆ ಬಿರುಕು ಬಿಟ್ಟಿತ್ತು. ನಂಜಮ್ಮ ಕಿಸಕ್ಕನೆ ನಕ್ಕಳು, ರತ್ನಮ್ಮನೂ ನಕ್ಕಳು, ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಜಯನೂ ನಕ್ಕಳು. ಅವ್ವ ಮಾತ್ರ ನಗಲಿಲ್ಲ. ಮಡಿಲಲ್ಲಿದ್ದ ಸಿಪ್ಪೆಯನ್ನು ಕೊಡವಿ ಎದ್ದಳು. ಎಲ್ಲರೂ ಹೋದ ಮೇಲೆ ಅವಳ ಹತ್ತಿರ ಹೋಗಿ ಕೂತೆ.

"ಏನವ್ವಾ, ಟಿವಿ ಚೆನ್ನಾಗಿಲ್ವಾ?"

"ಚೆನ್ನಾಗದೆ ಕಣ್ಲಾ, ಅದೇ ನನ್ ಕರ್ಮ. ಎಷ್ಟು ವರ್ಸದಿಂದ ಆ ಉಡುಗಿಗೋಸ್ಕರ ಅತ್ತಿವ್ನಿ. ಆಪ್ರೇಸನ್ ಆದ್ಮೇಲೆ ಅಳ್ಬ್ಯಾಡಿ ಅಂತ ಡಾಕ್ಟ್ರು ಅಂದ್ರೂ ಕೇಳ್ದೆ ಅತ್ತಿವ್ನಿ. ನಿನ್ ಟಿವಿ ಬಂದು ಅವ್ಳನ್ನ ವೇಸ ಕಟ್ದೋಳು ಮಾಡ್ಬುಡ್ತಲ್ಲ. ನಿನ್ ಮನಸು ನೋಯ್ತದೆ ಅಂತ ಯೋಳ್ನಿಲ್ಲ."

ಅವ್ವ ಸುಳ್ಳು ಹೇಳಿ ಹೋಗುತ್ತಿದ್ದುದು ನನ್ನ ಮರ್ಯಾದೆ ಉಳಿಸಲಿಕ್ಕೆ! ಮರುದಿನದಿಂದ ಅವಳು ಧಾರಾವಾಹಿಯ ಹೊತ್ತಿಗೆ ಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕೂರತೊಡಗಿದಳು. ಸೊಸೆಗೆ ಏನಾಯಿತೆಂದು ಕೂಡ ಕೇಳುತ್ತಿರಲಿಲ್ಲ. ಅದನ್ನು ನೋಡಲು ನನ್ನಿಂದಾಗಲಿಲ್ಲ.

ಅಷ್ಟರಲ್ಲಿ ನಿಂಗೇಗೌಡರು ಮನೆಗೆ ಬಂದರು. "ಮೇಷ್ಟ್ರೇ, ಒಸಾ ಟಿವಿ ತಗಳವ ಅಂತಿವ್ನಿ. ಈ ಸಲ ನಿಮ್ಮಂಗೆ ಒಳ್ಳೇದೇ ತಗಬೇಕು. ನೀವು ತಿಳ್ದೋರು, ಜೊತೇಲಿ ಬನ್ನಿ" ಎಂದರು. ಇವರೂ ಒಳ್ಳೆಯದನ್ನು ತಂದುಬಿಟ್ಟರೆ ಅವ್ವನಿಗೆ ಇಡೀ ಬೀದಿಯಲ್ಲಿ ಇನ್ನೆಲ್ಲಿ ಗತಿ? ಆಗಲೇ ಗಟ್ಟಿ ಮನಸ್ಸು ಮಾಡಿದೆ. "ಮಂಡ್ಯದಲ್ಲಿ ಬೇಡ ಗೌಡ್ರೇ, ಮೊದಲಿನದು ತಂದ ಮಳವಳ್ಳಿಗೇ ಹೋಗೋಣ" ಎಂದೆ. ಭಾನುವಾರ ಹೊರಟೆವು. ಮದ್ದೂರಿನಲ್ಲಿ ಬಸ್ಸು ಬದಲಾಯಿಸುವಾಗ ಗೌಡರು ವಡೆ ಕೊಡಿಸಿದರು. ಅವರನ್ನು ಎಂಥ ಟಿವಿಗೆ ಕರೆದೊಯ್ಯುತ್ತಿದ್ದೇನೆಂದು ನೆನೆದು ಅದನ್ನು ಸಂಕೋಚದಿಂದಲೇ ತಿಂದೆ.

ಮಳವಳ್ಳಿಯ ಅಂಗಡಿಯಲ್ಲೂ ಅದೇ ಗಿಣಿ. "ಅದನ್ನು ನಿಲ್ಲಿಸಿ, ಧಾರಾವಾಹಿ ಹಾಕಿ" ಎಂದೆ. ವಾರದ ಕಂತುಗಳನ್ನೆಲ್ಲ ಒಟ್ಟಿಗೆ ಮತ್ತೆ ತೋರಿಸುತ್ತಿದ್ದ ಹೊತ್ತು ಅದು. ಅತ್ತೆ ಪ್ರತ್ಯಕ್ಷಳಾದಳು. ನಾನು ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ ಅವಳ ಹಣೆ ನೋಡಿದೆ. "ಇದು ಬೇಡ. ಟೋಪನ್ ಕಾಣುತ್ತೆ." ಮುಂದಿನದರಲ್ಲೂ ಗೆರೆ ಕಂಡಿತು. "ಯಾಕ್ ಮೇಷ್ಟ್ರೇ, ಚೆನ್ನಾಗೇ ಅದಲ್ಲ?" ಎಂದರು ಗೌಡರು. "ಚೆನ್ನಾಗಿರೋದೇ ತೊಂದರೆ ಗೌಡ್ರೇ" ಎಂದೆ. ಅವರು ತಿಳಿದವರ ಮಾತು ತಮಗೆ ತಿಳಿಯಬೇಕಾಗಿಲ್ಲ ಎಂಬಂತೆ ತಲೆಯಾಡಿಸಿದರು. ನಾನು ಅಂಗಡಿಯ ಯಜಮಾನರ ಕಡೆ ತಿರುಗಿ, ಯಾವ ಗಂಡಸೂ ಇಷ್ಟು ದೃಢವಾಗಿ ಕೇಳಿರಲಾರದ ದನಿಯಲ್ಲಿ ಕೇಳಿದೆ: "ಇದಕ್ಕಿಂತ ಸ್ವಲ್ಪ ಕೆಟ್ಟದ್ದು ಇದೆಯಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಕಮ್ಮಿ ರೇಟಿಂದು ಕೇಳೋರು ದಿನಾ ಬತ್ತಾರೆ ಸಾರ್. ಚೆನ್ನಾಗಿಲ್ದೇ ಇರೋದು ಕೇಳ್ಕೊಂಡು ಬಂದೋರು ನೀವೇ ಮೊದ್ಲು" ಎಂದು, ಒಳಗಿನಿಂದ ಧೂಳು ಹಿಡಿದ ಒಂದನ್ನು ತರಿಸಿ ಆನ್ ಮಾಡಿದರು. ಅದರಲ್ಲಿ ಟೋಪನ್ನು ಹಣೆಯೊಳಗೆ ಒಂದಾಗಿ ಬೆರೆತುಹೋಗಿತ್ತು. ಹಲಗೆಯ ಕಂಬ ಕಲ್ಲಾಗಿತ್ತು. ಸೊಸೆ ಬೀದಿಯಲ್ಲಿ ನಿಂತು ತವರಿನ ದಿಕ್ಕಿಗೆ ನೋಡುತ್ತಿದ್ದಳು, ಪೌಡರೂ ಇಲ್ಲ, ಏನೂ ಇಲ್ಲ, ಬರೀ ದುಃಖ. "ಇದೇ ಇರಲಿ" ಎಂದೆ.

ಆ ಸಂಜೆಯೇ ಟಿವಿ ನಂಜಮ್ಮನ ಮನೆಯ ಗೋಡೆಗೇರಿತು. ಅವ್ವ ನೋಡಿದಳು, ಹೊಟ್ಟೆ ತುಂಬ ಅತ್ತಳು, ಸೆರಗಿನಲ್ಲಿ ಮುಖ ಒರೆಸಿಕೊಂಡು "ಇಂಥದ್ದನ್ನ ನೀನೂ ತಗಬೋದಿತ್ತಲ್ಲಪ್ಪ" ಎಂದಳು. ನನ್ನ ಸಿದ್ಧಾಂತದ ಒಂದು ಕೂದಲೂ ಕೊಂಕಿಲ್ಲ. ಬೆಲೆ ಹೆಚ್ಚಾದರೆ ಗುಣ ಹೆಚ್ಚು ಎಂದು ಸ್ಟಾಫ್ ರೂಮಿನಲ್ಲಿ ಈಗಲೂ ವಾದಿಸುತ್ತೇನೆ, ನಮ್ಮ ಟಿವಿಯನ್ನೇ ಸಾಕ್ಷಿಯಾಗಿ ಮುಂದಿಡುತ್ತೇನೆ. ಸಂಜೆ ಮಾತ್ರ ನಂಜಮ್ಮನ ಮನೆಗೆ ಹೋಗುತ್ತೇನೆ. ಧಾರಾವಾಹಿಗಲ್ಲ, ಕತ್ತಲಲ್ಲಿ ಅವ್ವ ಒಬ್ಬಳೇ ಬರಬಾರದಲ್ಲ, ಕರೆದುಕೊಂಡು ಬರಲಿಕ್ಕೆ. ಶುರುವಾಗುವ ಮೊದಲೇ ಹೋದರೆ ಗೋಡೆಗೆ ಒರಗಿ ಕೂರಲು ಜಾಗ ಸಿಗುತ್ತದೆ.