ಚಿಕ್ಕಮಾವನವರ ತಂಪು ಊಟ

ನಮ್ಮ ಚಿಕ್ಕಮಾವನವರ ಪ್ರಕಾರ ಈ ಲೋಕದಲ್ಲಿ ಇರುವುದು ಎರಡೇ ಜಾತಿ. ಒಂದು ಉಷ್ಣ, ಇನ್ನೊಂದು ತಂಪು. ಮೂರನೆಯದು ಇಲ್ಲವೇ ಇಲ್ಲ! ಬದನೆಕಾಯಿ ಉಷ್ಣ, ಸೋರೆಕಾಯಿ ತಂಪು ಎಂದರೆ ನೀವೂ ಒಪ್ಪುತ್ತೀರಿ, ನಾನೂ ಒಪ್ಪುತ್ತೇನೆ. ಆದರೆ ಬಸ್ಸಿನ ಕಂಡಕ್ಟರು ಉಷ್ಣ, ಅಂಚೆಯವನು ತಂಪು. ಪತ್ರಿಕೆ ಬೆಳಗ್ಗೆ ಓದಿದರೆ ಉಷ್ಣ, ಅದನ್ನೇ ಸಂಜೆ ಓದಿದರೆ ತಂಪು ಎಂದರೆ? ನಮ್ಮ ಯಜಮಾನರ ಸೈಕಲ್ಲಿನ ಗಂಟೆ ಕೂಡ ಅವರ ಲೆಕ್ಕದಲ್ಲಿ ಉಷ್ಣವೇ ಆಗಿತ್ತು.

ನಾನು ಮದುವೆಯಾಗಿ ರಾಜಾಜಿನಗರಕ್ಕೆ ಬಂದ ಮೊದಲ ಬೇಸಿಗೆಯ ಮಾತು ಇದು. ಐವತ್ತರ ದಶಕ ಆಗಿನ್ನೂ ಶುರುವಾಗಿತ್ತು. ನಗರ ಎಂದು ಹೆಸರಿಟ್ಟಿದ್ದರೇ ಹೊರತು ನಗರವಿನ್ನೂ ಬಂದು ಸೇರಿರಲಿಲ್ಲ! ಅಗಲವಾದ ರಸ್ತೆಗಳಿದ್ದವು, ನಡೆಯುವವರಿರಲಿಲ್ಲ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಆ ಕಲ್ಲುಗಳ ಮೇಲೆ ಕೇತಮಾರನಹಳ್ಳಿಯ ಮೇಕೆಗಳು ಮೈ ಉಜ್ಜಿಕೊಳ್ಳುತ್ತಿದ್ದವು. ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಕೂಗಿದರೂ ಕೇಳಿಸದಷ್ಟು ಬಯಲು.

ನಾನೋ ಮೈಸೂರಿನ ತುಂಬಿದ ಮನೆಯಲ್ಲಿ ಬೆಳೆದವಳು. ಅಲ್ಲಿ ಮಧ್ಯಾಹ್ನದ ಊಟವೆಂದರೆ ಎರಡು ಪಂಕ್ತಿ, ಒಂದು ಜಗಳ, ಬೇಕಾದಷ್ಟು ನಗು. ಇಲ್ಲಿ ಯಜಮಾನರು ಬೆಳಗ್ಗೆ ಸೈಕಲ್ಲಿಗೆ ಕ್ಯಾರಿಯರು ತೂಗುಹಾಕಿಕೊಂಡು ಕಾರ್ಖಾನೆಗೆ ಹೋದರೆ ಮನೆಗೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಅಲ್ಲಿಯವರೆಗೆ ನಾನು, ನಾಲ್ಕು ಗೋಡೆ, ಕಿಟಕಿಯಾಚೆ ಬಿಸಿಲು. ಮಾತಾಡದೆ ಬಾಯಿ ಒಣಗಿ ಪಾತ್ರೆಗಳ ಜೊತೆ ಮಾತಾಡಿದ್ದೇನೆ. ತಪ್ಪಲೆಯನ್ನು ಗದರಿಸಿದ್ದೇನೆ! ಈಗ ನಗುತ್ತ ಹೇಳುತ್ತಿದ್ದೇನೆ, ಆಗ ಅಳು ಬರುತ್ತಿತ್ತು. ವೈಶಾಖದಲ್ಲಿ ಚಾಮರಾಜಪೇಟೆಯಲ್ಲಿ ನಂಟರ ಮನೆಯ ಮದುವೆಯಿತ್ತು. ಅದಕ್ಕೆ ಅಮ್ಮನೂ ಬರುವವಳಿದ್ದಳು. ಅವಳ ಜೊತೆ ಅಲ್ಲಿಂದಲೇ ಮೈಸೂರಿಗೆ ಹೋಗಿಬಿಡುವುದು, ಪೇಟೆಯೊಳಗೆ ಮನೆ ಮಾಡುವ ತನಕ ಈ ಬಯಲಿಗೆ ಕಾಲಿಡುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡಿದ್ದೆ. ಯಜಮಾನರಿಗೆ ಮಾತ್ರ ಒಂದು ತಿಂಗಳು ಇದ್ದು ಬರುತ್ತೇನೆ ಎಂದು ಹೇಳಿದ್ದೆ.

ಚಿಕ್ಕಮಾವನವರು, ಅಂದರೆ ನಮ್ಮ ಮಾವನವರ ತಮ್ಮ, ಮೂರು ರಸ್ತೆ ಆಚೆ ಒಬ್ಬರೇ ಇದ್ದರು. ಚಿಕ್ಕತ್ತೆ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಡ್ರಾಯಿಂಗ್ ಮಾಸ್ತರಾಗಿ ನಿವೃತ್ತರಾದವರು. ಯುಗಾದಿ ಕಳೆದ ಮೂರನೆಯ ದಿನವೋ ನಾಲ್ಕನೆಯ ದಿನವೋ ಉರಿ ಬಿಸಿಲಿನಲ್ಲಿ ನಮ್ಮ ಮನೆ ಬಾಗಿಲಿಗೆ ಬಂದು ನಿಂತರು. ಕೈಯಲ್ಲಿ ಕೊಡೆ ಇತ್ತು, ಆದರೆ ಬಿಚ್ಚಿರಲಿಲ್ಲ. ತಲೆಯಿಂದ ಬೆವರು ಧಾರಾಕಾರ!

"ಏನು ಮಾವ, ಕೊಡೆ ಇಟ್ಕೊಂಡು ಬಿಸಿಲಲ್ಲಿ ಬಂದಿದೀರಲ್ಲ?" ಎಂದೆ.

"ಬಿಚ್ಚೋ ಹಾಗಿಲ್ಲಮ್ಮ," ಎಂದು ಕೊಡೆಯನ್ನು ತಲೆಕೆಳಗು ಮಾಡಿದರು. ಒಳಗಿನಿಂದ ದಡದಡನೆ ಎಳೆ ಸೌತೆಕಾಯಿಗಳು ಉದುರಿದವು! ಸೌತೆಕಾಯಿಗೆ ಬಿಸಿಲು ತಾಗಿದರೆ ಅದರ ತಂಪು ಹೋಗುತ್ತದಂತೆ. ಮಾವನವರಿಗೆ ತಾಗಿದರೆ ಚಿಂತೆಯಿಲ್ಲ!

ಆ ದಿನದಿಂದ ನಮ್ಮ ಮನೆಯಲ್ಲಿ ತಂಪು ಊಟದ ಆಳ್ವಿಕೆ ಶುರುವಾಯಿತು. ದಿನಾ ಹನ್ನೊಂದಕ್ಕೆ ಅವರು ಹಾಜರು. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ಮಾವಿನಕಾಯಿ ತುರಿ, ತೆಂಗಿನ ತುರಿ ಸೇರಿಸಿ ಕೋಸಂಬರಿ. ನೆನೆಸಿದ ಅವಲಕ್ಕಿಗೆ ಮೊಸರು. ನೀರು ಮಜ್ಜಿಗೆಗೆ ಕರಿಬೇವು, ಶುಂಠಿ. ಒಂದೊಂದು ದಿನ ಬೇಲದ ಹಣ್ಣಿನ ಪಾನಕ. ಒಗ್ಗರಣೆ ಹಾಕಲು ಹೊರಟರೆ, "ಅಯ್ಯಯ್ಯೋ! ಎಣ್ಣೆ ಕಾಯಿಸ್ತೀಯಾ? ಚೈತ್ರಮಾಸದಲ್ಲಿ?" ಎಂದು ಮನೆಗೆ ಬೆಂಕಿ ಬಿದ್ದವರಂತೆ ಕೂಗುತ್ತಿದ್ದರು. ಉಪ್ಪನ್ನು ಎಲೆ ಹಾಕಿದ ಮೇಲೆಯೇ ಬೆರೆಸಬೇಕು, ಇಲ್ಲದಿದ್ದರೆ ನೀರೊಡೆಯುತ್ತದೆ. ಸೌತೆಕಾಯಿಯ ಹೋಳುಗಳೆಲ್ಲ ಒಂದೇ ಅಳತೆಯಲ್ಲಿರಬೇಕು. ಡ್ರಾಯಿಂಗ್ ಮಾಸ್ತರಲ್ಲವೇ! ಒಂದು ಹೋಳು ಸೊಟ್ಟಗಿದ್ದರೂ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು.

ಇದನ್ನೆಲ್ಲ ಹೇಗೋ ಸಹಿಸಬಹುದಿತ್ತು. ಆದರೆ ಅವರ ಶಾಸ್ತ್ರದಲ್ಲಿ ಒಂದು ವಿಚಿತ್ರವಾದ ಸೂತ್ರವಿತ್ತು. ತಂಪು ಊಟವನ್ನು ಒಬ್ಬರೇ ಉಂಡರೆ ಅದು ಉಷ್ಣವಾಗಿಬಿಡುತ್ತದಂತೆ! ಇಬ್ಬರು ಒಂದೇ ಹೊತ್ತಿಗೆ ಉಣ್ಣಬೇಕಂತೆ. ಇಂಥದ್ದನ್ನು ಎಲ್ಲಾದರೂ ಕೇಳಿದ್ದೀರಾ?

"ನೀವು ಮಾಡಿ ಮಾವ, ನಾನು ಆಮೇಲೆ ಮಾಡ್ತೀನಿ," ಎಂದೆ. ಆಗಿನ ಕಾಲದಲ್ಲಿ ಹಿರಿಯರು ಉಣ್ಣುವಾಗ ಸೊಸೆಯಾದವಳು ಎದುರಿಗೆ ಎಲೆ ಹಾಕಿಕೊಂಡು ಕೂರುವುದುಂಟೇ?

"ಎದುರಿಗೆ ಕೂತ್ಕೋ ಅಂದೆನೇನಮ್ಮ? ನಾನು ಹಜಾರದಲ್ಲಿ ಕೂರ್ತೀನಿ, ನೀನು ಅಡುಗೆಮನೇಲಿ ಕೂತ್ಕೋ. ನಡುವೆ ಗೋಡೆ ಇದೆ. ಮರ್ಯಾದೆಗೂ ಮರ್ಯಾದೆ ಆಯ್ತು, ಆರೋಗ್ಯಕ್ಕೂ ಆರೋಗ್ಯ ಆಯ್ತು!"

ಹಾಗೆ ಗೋಡೆಯ ಆಚೆ ಒಂದು ಎಲೆ, ಈಚೆ ಒಂದು ಎಲೆ. ನಾನು ಸುಮ್ಮನೆ ಕೈಯಾಡಿಸುತ್ತ ಕೂತರೆ ಆಚೆಯಿಂದ ದನಿ ಬರುತ್ತಿತ್ತು.

"ಅಗಿಯೋ ಸದ್ದೇ ಕೇಳಿಸ್ತಿಲ್ಲವಲ್ಲಮ್ಮ?"

ನಾನು ಒಂದು ಹೋಳು ಬಾಯಿಗೆ ಹಾಕಿ ಕರಕರ ಎನಿಸುತ್ತಿದ್ದೆ.

"ಒಂದೇ ಹೋಳಿನ ಸದ್ದು ಅದು. ಇನ್ನೊಂದು!"

ಮದುವೆಯಾದ ಹೆಣ್ಣನ್ನು ಎಳೆಕೂಸಿನ ಹಾಗೆ ಕೂರಿಸಿ ತಿನ್ನಿಸುವುದೇ? ಕೋಪ ಬರುತ್ತಿತ್ತು. ಆದರೂ ಹತ್ತೂವರೆಯಾದರೆ ಸಾಕು, ನನ್ನ ಕಣ್ಣು ತಾನಾಗಿ ರಸ್ತೆಯ ಕಡೆಗೆ ಹೋಗುತ್ತಿತ್ತು. ಆ ಖಾಲಿ ರಸ್ತೆಯಲ್ಲಿ ಮುಚ್ಚಿದ ಕೊಡೆ ಹಿಡಿದ ಒಬ್ಬ ಮನುಷ್ಯ ನಡೆದು ಬರುವುದು ನನ್ನ ಇಡೀ ದಿನದಲ್ಲಿ ನಡೆಯುತ್ತಿದ್ದ ಒಂದೇ ಒಂದು ಸಂಗತಿ.

ಉಂಡ ಕೂಡಲೇ ಅವರು ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಬಾಯಿಗೆ ಒಂದು ಹಿಡಿ ಓಮಿನಕಾಳು ಹಾಕಿಕೊಂಡು, ಹೊಟ್ಟೆ ಸವರುತ್ತ, ಖಾಲಿ ಸೈಟುಗಳ ಸುತ್ತ ಬಿರಬಿರನೆ ನಡೆಯುತ್ತಿದ್ದರು. "ಓಮ ಉಷ್ಣ ಅಲ್ವೇ ಮಾವ?" ಎಂದು ಒಂದು ದಿನ ಕೆಣಕಿದೆ. "ತಂಪು ಜಾಸ್ತಿ ಆದವರಿಗೆ ಅದು ಔಷಧಿ, ಔಷಧಿಗೆ ಜಾತಿ ಇಲ್ಲ!" ಎಂದು ಆ ಬಿರುಸಿನಲ್ಲೇ ಉತ್ತರ ಕೊಟ್ಟು ಹೋದರು.

ಕೇತಮಾರನಹಳ್ಳಿಯಿಂದ ತರಕಾರಿ ಹೊತ್ತು ತರುತ್ತಿದ್ದ ಹೆಂಗಸಿಗೂ ಅವರೊಂದು ಒಗಟಾಗಿದ್ದರು. ಒಂದು ದಿನ ಬುಟ್ಟಿ ಇಳಿಸಿ ನನ್ನ ಕಿವಿಯ ಹತ್ತಿರ ಬಂದು ಕೇಳಿದಳು: "ಅಲ್ಲ ಕಣವ್ವ, ನಿಮ್ ಮಾವ್ನೋರು ಮನೇಲಿ ಎಮ್ಮೆ ಕಟ್ಟವ್ರಾ? ಒಂದಿನಾನೂ ಬಿಡ್ದೆ ಸೌತೆಕಾಯಿ ತಕ್ಕೊಂಡೋಯ್ತಾರಲ್ಲ!"

ಭಾನುವಾರ ಯಜಮಾನರಿಗೂ ಇದೇ ಶಿಕ್ಷೆ. ವಾರವೆಲ್ಲ ಕ್ಯಾರಿಯರಿನ ತಣ್ಣನೆಯ ಅನ್ನ ಉಂಡವರು ಅವರು. ಭಾನುವಾರವಾದರೂ ಬಿಸಿ ಹುಳಿ ಸಿಗಬಾರದೇ? ಎರಡು ವಾರ ತಡೆದುಕೊಂಡರು. ಮೂರನೆಯ ವಾರ ಸ್ನೇಹಿತರನ್ನು ನೋಡಿಬರುತ್ತೇನೆ ಎಂದು ಮಲ್ಲೇಶ್ವರಕ್ಕೆ ಹೋಗಿ ಬಂದರು. ಚಿಕ್ಕಮಾವನವರು ಬಾಗಿಲಲ್ಲೇ ತಡೆದು ಅವರ ಬಲಗೈ ಹಿಡಿದು ಮೂಸಿದರು. "ಈರುಳ್ಳಿ ಪಲ್ಯ. ಮಸಾಲೆ ದೋಸೆ. ಅದೂ ಎರಡು!" ಎಂದು ತೀರ್ಪು ಕೊಟ್ಟರು. ಯಜಮಾನರು ತಲೆ ತಗ್ಗಿಸಿ ಸೀದಾ ಬಚ್ಚಲಿಗೆ ಹೋದರು. ಅಂದು ನಾನು ಆ ಮನೆಯಲ್ಲಿ ಮೊದಲ ಸಲ ಜೋರಾಗಿ ನಕ್ಕೆ. ಹಾಗೆಂದು ಮೈಸೂರಿಗೆ ಹೋಗುವ ಮನಸ್ಸು ಬದಲಾಯಿತೆಂದು ತಿಳಿಯಬೇಡಿ. ಉಳಿದ ಇಪ್ಪತ್ತಮೂರು ಗಂಟೆ ಹಾಗೆಯೇ ಇತ್ತಲ್ಲ!

ಮದುವೆಯ ದಿನ ಬಂತು. ನನ್ನ ಟ್ರಂಕು ಸಿದ್ಧವಾಗಿತ್ತು. ಯಜಮಾನರಿಗೆ ರಜ ಸಿಗಲಿಲ್ಲ, ಚಿಕ್ಕಮಾವನವರೇ ನನ್ನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದರು. ಟ್ರಂಕಿನ ಭಾರ ನೋಡಿ, "ತಿಂಗಳಿಗೆ ಇಷ್ಟು ಬೇಕೇನಮ್ಮ?" ಎಂದರು. ನಾನು ಟ್ರಂಕನ್ನು ಸೀಟಿನ ಕೆಳಗೆ ತಳ್ಳಿದೆ.

ಊಟದ ಹೊತ್ತಿಗೆ ಯಾರೋ ನನ್ನ ಕೈಗೆ ಬಡಿಸುವುದಕ್ಕೆ ಕೋಸಂಬರಿಯ ಪಾತ್ರೆ ಕೊಟ್ಟರು. ಮುಖಗಳನ್ನು ನೋಡದೆ ಎಲೆಗಳನ್ನೇ ನೋಡುತ್ತ ಬಡಿಸಿಕೊಂಡು ಬರುತ್ತಿದ್ದೆ. ಒಂದು ಎಲೆಯ ತುಂಬ ಹೊಗೆಯಾಡುವ ಅನ್ನ, ಅದರ ನಡುವೆ ಕೆರೆ ಕಟ್ಟಿ ಬದನೆಕಾಯಿ ಹುಳಿ, ಪಕ್ಕದಲ್ಲಿ ಬೋಂಡದ ರಾಶಿ, ಉಪ್ಪಿನಕಾಯಿ. ನಾನು ಬಗ್ಗಿದ ಕೂಡಲೇ ಒಂದು ಕೈ ಅಡ್ಡ ಬಂತು. "ಬೇಡ, ಬೇಡ! ಕೋಸಂಬರಿ ಮಾತ್ರ ಬೇಡ!"

ತಲೆ ಎತ್ತಿ ನೋಡಿದೆ. ಚಿಕ್ಕಮಾವ! ತುಟಿಗೆಲ್ಲ ಹುಳಿ!

ಪಕ್ಕದ ಎಲೆಯ ಮುದುಕರು, ಅವರ ಸೋದರಮಾವ ಎಂದು ಆಮೇಲೆ ತಿಳಿಯಿತು, ನಗುತ್ತ ಹೇಳಿದರು: "ಅವನಿಗೆ ಬಡಿಸಬೇಡಮ್ಮ. ಚಿಕ್ಕಂದಿನಿಂದ ಹಸಿ ಹೆಸರುಬೇಳೆ ಅವನಿಗೆ ಆಗಲ್ಲ. ಒಂದು ಚಮಚ ತಿಂದ್ರೆ ಸಾಕು, ಹೊಟ್ಟೆ ಉಬ್ಬರಿಸಿಕೊಂಡು ಒದ್ದಾಡ್ತಾನೆ."

ಊಟವಾದ ಮೇಲೆ ಜಗಲಿಯಲ್ಲಿ ಅವರನ್ನು ಹಿಡಿದೆ. "ಇದೇನು ಮಾವ ಇದು? ಒಂದು ತಿಂಗಳಿಂದ ದಿನಾ ತಿಂತಿದ್ರಲ್ಲ! ಯಾತಕ್ಕೆ?"

ಅವರು ಬೀದಿಯ ಕಡೆಗೆ ನೋಡುತ್ತ ಕೂತಿದ್ದರು. ತಮಾಷೆಯ ದನಿ ಇರಲಿಲ್ಲ. "ನಮ್ಮಿಬ್ಬರ ಮನೆ ಮಧ್ಯೆ ಏನಿದೆಯಮ್ಮ, ಬರೀ ಬಯಲು. ನನ್ನ ಬಾಗಿಲಲ್ಲಿ ನಿಂತ್ರೆ ನಿಮ್ಮ ಹೆಂಚಿನ ಮೇಲೆ ಹೊಗೆ ಕಾಣುತ್ತೆ. ಬೆಳಗ್ಗೆ ಕಾಣುತ್ತೆ. ಅವನು ಕೆಲಸಕ್ಕೆ ಹೋದ ಮೇಲೆ ಸಾಯಂಕಾಲದ ತನಕ ಇಲ್ಲ. ಮಾಡಿದ್ದೆಲ್ಲ ಕ್ಯಾರಿಯರಿಗೆ ತುಂಬಿ ಕಳಿಸಿ, ಈ ಮಗು ಏನೂ ತಿನ್ನದೆ ಕೂತಿರುತ್ತೆ ಅಂತ ಗೊತ್ತಾಯ್ತು. ನಿನ್ನ ಚಿಕ್ಕತ್ತೆ ಹೋದ ಮೇಲೆ ನಾನೂ ಹಾಗೇ ಕೂತಿದ್ದೆ. ತನಗೊಬ್ಬನಿಗೇ ಅಂತ ಒಲೆ ಹಚ್ಚೋದಕ್ಕೆ ಕೈ ಬರಲ್ಲಮ್ಮ. ಅದಕ್ಕೆ, ಒಲೆ ಹಚ್ಚದೇ ಆಗೋ ಊಟ ಯಾವುದಿದೆ ಅಂತ ಯೋಚನೆ ಮಾಡಿದೆ."

ಆ ಬಯಲಿನಲ್ಲಿ ನನ್ನನ್ನು ಯಾರೂ ನೋಡುವವರಿಲ್ಲ ಎಂದು ಅತ್ತಿದ್ದೆನಲ್ಲ! ಒಬ್ಬರು ದಿನವೂ ಬಾಗಿಲಲ್ಲಿ ನಿಂತು ನನ್ನ ಹಸಿವನ್ನು ನೋಡುತ್ತಿದ್ದರು.

ಅಮ್ಮ ಮೈಸೂರಿನ ರೈಲು ಹತ್ತಿದಳು. ನಾನು ಟ್ರಂಕಿನ ಜೊತೆ ರಾಜಾಜಿನಗರದ ಬಸ್ಸು ಹತ್ತಿದೆ. ಚಿಕ್ಕಮಾವನವರು ಟ್ರಂಕನ್ನು ಮೇಲೆತ್ತಿ ಕೊಟ್ಟರು.

ಮರುದಿನ ಯಜಮಾನರು ಹೊರಟ ಮೇಲೆ ನಾನು ಇನ್ನೊಮ್ಮೆ ಸೌದೆ ಒಟ್ಟಿದೆ. ಸ್ವಲ್ಪ ಹಸಿಯಾಗಿದ್ದನ್ನೇ ಆರಿಸಿ ಇಟ್ಟೆ. ಅಡುಗೆಮನೆಯೆಲ್ಲ ಹೊಗೆ ತುಂಬಿ ಕಣ್ಣಲ್ಲಿ ನೀರು ಬಂತು. ಒಲೆಯ ಮೇಲೆ ಅನ್ನ, ಬದನೆಕಾಯಿ ಹುಳಿ ಕುದಿಯುತ್ತಿದ್ದವು. ಎರಡು ಎಲೆ ಹಾಕಿ, ಹೊಗೆ ಚೆನ್ನಾಗಿ ಮೇಲೇರುತ್ತಿದೆಯೇ ಎಂದು ಅಂಗಳಕ್ಕೆ ಇಳಿದು ನೋಡಿದೆ.